ಚೆಂಡು ಹೂವು

ಸೂರ್ಯಕಾಂತಿಯ ಬಳಗವಾದ ಆಸ್ಟರೇಸೀ ಕುಟುಂಬಕ್ಕೆ ಸೇರಿದ, ಒಂದೇ ಹಂಗಾಮಿನಲ್ಲಿ ಬೆಳೆದು, ಹೂಬಿಟ್ಟು, ಬೀಜ ಕಟ್ಟಿ ಒಣಗುವ ಗಿಡ. ತೋಟಗಳಲ್ಲಿ ಬೆಳೆಯುವುದು ಮುಖ್ಯವಾಗಿ ಎರಡು ಪ್ರಭೇದ: ಮೂರು ಅಡಿಯವರೆಗೂ ಬೆಳೆದು ಹಳದಿ ಅಥವಾ ಕಿತ್ತಳೆ ಬಣ್ಣದ ದೊಡ್ಡ ಹೂ ಬಿಡುವ ಟ್ಯಾಜೀಟಿಸ್ ಇರೆಕ್ಟ, ಗಿಡ್ಡಗೆ ಹರಡಿಕೊಂಡು ಕೆಂಪುಗಂದು ಬೆರೆತ ಚಿಕ್ಕ ಹೂ ಬಿಡುವ ಟ್ಯಾಜೀಟಿಸ್ ಪ್ಯಾಟ್ಯುಲ. ಮೊದಲನೆಯದನ್ನು ಆಫ್ರಿಕನ್ ಚೆಂಡು ಹೂವೆಂದೂ ಎರಡನೆಯದನ್ನು ಫ್ರೆಂಚ್ ಚೆಂಡು ಹೂವೆಂದೂ ಕರೆಯುವ ರೂಢಿಯಿದೆ. ಎಲ್ಲಿ ಹಾಕಿದರೂ ಬರುವ, ಆರೈಕೆ ಬೇಡದ ಗಿಡವೆಂಬ ಹೆಸರು ಇದಕ್ಕೆ ಬಂದಿದೆ. ಗಿಡ ಬದುಕುವ ಮಟ್ಟಿಗೆ ಆ ಮಾತು ನಿಜ, ಹೂವಿನ ಮಟ್ಟಿಗೆ ನಿಜವಲ್ಲ. ಬೇಗ ಬೀಜ ಕಟ್ಟಿ ಬಾಳು ಮುಗಿಸುವುದು ಇಂಥ ಗಿಡಗಳ ಸ್ವಭಾವ. ಆ ಮುಗಿತಾಯವನ್ನು ಎಷ್ಟು ಕಾಲ ಮುಂದೂಡಬಹುದು ಎನ್ನುವುದರಲ್ಲಿಯೇ ಚೆಂಡು ಹೂವಿನ ಆರೈಕೆಯೆಲ್ಲ ಅಡಗಿದೆ.

ಹೆಸರು, ಮೂಲ

ಚೆಂಡಿನಂತೆ ದುಂಡಗಿರುವುದರಿಂದ ಕನ್ನಡದ ಹೆಸರು ಬಂದಿದೆ. ಕರಾವಳಿಯ ಕಡೆ ಗೊಂಡೆ ಹೂವು ಎನ್ನುವುದೂ ಉಂಟು. ಆಯುಧಪೂಜೆಗೆ ನೇಗಿಲಿನಿಂದ ಬಸ್ಸಿನವರೆಗೆ ಎಲ್ಲಕ್ಕೂ ಏರುವ ಈ ಹೂವು ಇಷ್ಟು ನಮ್ಮದಾಗಿದ್ದರೂ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ, ಹೆಸರಿನಲ್ಲಿರುವ ಆಫ್ರಿಕಾ ಫ್ರಾನ್ಸುಗಳಲ್ಲಿ ಹುಟ್ಟಿದ್ದೂ ಅಲ್ಲ. ಇದರ ತವರು ಮೆಕ್ಸಿಕೊ ಮತ್ತು ಅದರ ಆಸುಪಾಸು. ಅಲ್ಲಿನ ನಹುವಾತಲ್ ಭಾಷೆಯ ಹಳೆಯ ಹೆಸರಿಗೆ ‘ಇಪ್ಪತ್ತರ ಹೂವು’ ಎಂಬ ಅರ್ಥವಿದೆ. ಎಸಳುಗಳ ದಟ್ಟಣೆಯನ್ನು ಆ ಲೆಕ್ಕ ಸೂಚಿಸುತ್ತಿರಬೇಕು. ಸ್ಪೇನಿನವರು ಹದಿನಾರನೆಯ ಶತಮಾನದ ಮೊದಲರ್ಧದಲ್ಲಿಯೇ ಬೀಜವನ್ನು ಯೂರೋಪಿಗೆ ಒಯ್ದರು. ಜರ್ಮನಿಯ ಲಿಯೋನ್‌ಹಾರ್ಟ್ ಫುಕ್ಸ್ 1542ರಲ್ಲಿ ಹೊರತಂದ ಸಸ್ಯಗ್ರಂಥದಲ್ಲಿ ಇದರ ಚಿತ್ರವಿದೆ. ಐದನೆಯ ಚಾರ್ಲ್ಸ್ ದೊರೆಯ ಸೇನೆ 1535ರಲ್ಲಿ ಟ್ಯೂನಿಸ್ ಗೆದ್ದಾಗ ಅಲ್ಲಿ ಕಂಡ ಹೂವೆಂದು ಭಾವಿಸಿದ್ದರಿಂದ ‘ಆಫ್ರಿಕನ್’ ಎಂಬ ವಿಶೇಷಣ ಅಂಟಿಕೊಂಡಿತೆಂದು ಹೇಳುವುದುಂಟು. ಸಸ್ಯವಿಜ್ಞಾನಿ ಲಿನೀಯಸ್ 1753ರಲ್ಲಿ ಎರಡೂ ಪ್ರಭೇದಗಳಿಗೆ ಈಗಿನ ಶಾಸ್ತ್ರೀಯ ನಾಮ ಕೊಟ್ಟ. ಭಾರತಕ್ಕೆ ತಂದವರು ಬಹುಶಃ ಪೋರ್ಚುಗೀಸರು.

ತವರಿನ ಸಂಗತಿಯೊಂದು ಇಲ್ಲಿನ ತೋಟಗಾರನಿಗೂ ಬೇಕಾದದ್ದು. ಮೆಕ್ಸಿಕೊದಲ್ಲಿ ಗತಿಸಿದವರನ್ನು ನೆನೆಯುವ ಹಬ್ಬ ನವೆಂಬರ್ 1 ಮತ್ತು 2ರಂದು ಬರುತ್ತದೆ. ಅಂದು ಸಮಾಧಿಗಳ ಮೇಲೆಲ್ಲ ಇದೇ ಹೂವು. ನಮ್ಮಲ್ಲಿ ದಸರಾ ದೀಪಾವಳಿಗಳು ಬರುವುದೂ ಸರಿಸುಮಾರು ಅದೇ ಕಾಲಕ್ಕೆ. ಇದು ಬರೀ ಕಾಕತಾಳೀಯವೆನ್ನುವಂತಿಲ್ಲ. ಟ್ಯಾಜೀಟಿಸ್ ಇರೆಕ್ಟ ಹಗಲು ಕಿರಿದಾದಾಗ ಬೇಗ ಮೊಗ್ಗು ಕಟ್ಟುವ ಗಿಡ. ಹಗಲು ದೊಡ್ಡದಿದ್ದಾಗಲೂ ಹೂ ಬಿಡುತ್ತದೆ, ತಡವಾಗಿ ಬಿಡುತ್ತದೆ ಅಷ್ಟೆ. ಮಳೆಗಾಲದಲ್ಲಿ ಮೈದುಂಬಿ ಹಗಲು ಕುಗ್ಗತೊಡಗಿದಾಗ ಹೂವಿಗೆ ತಿರುಗುವುದು ಅದರ ಹುಟ್ಟುಗುಣ. ಎರಡೂ ನಾಡುಗಳ ಹಬ್ಬಗಳು ಆ ಹೂಗಾಲದಲ್ಲಿಯೇ ಬೀಳುತ್ತವೆ.

ಹೂವಿನ ರಚನೆ

ನಾವು ಒಂದು ಹೂವು ಎನ್ನುವುದು ಹಸಿರು ಬಟ್ಟಲೊಂದರಲ್ಲಿ ಒತ್ತಾಗಿ ಕೂತ ಅನೇಕ ಕಿರುಹೂಗಳ ಗೊಂಚಲು. ಅಂಚಿನ ಕಿರುಹೂಗಳು ನಾಲಗೆಯಂಥ ಎಸಳನ್ನು ಚಾಚಿದ ಹೆಣ್ಣುಹೂಗಳು. ನಡುವಿನವು ಕೊಳವೆಯಾಕಾರದವು, ಗಂಡು ಹೆಣ್ಣು ಎರಡೂ ಭಾಗಗಳುಳ್ಳವು. ಕಾಡುಗಿಡದಲ್ಲಿ ಅಂಚಿನವು ಕೆಲವೇ ಇರುತ್ತವೆ. ನಡುವಿನ ಕೊಳವೆಗಳೂ ಎಸಳಾಗಿ ಮಾರ್ಪಟ್ಟಿರುವುದರಿಂದ ಮಾಲೆಯ ಚೆಂಡು ಹೂವು ತುಂಬಿಕೊಂಡು ಕಾಣುತ್ತದೆ. ಮಾರುಕಟ್ಟೆ ಮೆಚ್ಚುವ ಈ ಗುಣಕ್ಕೆ ಒಂದು ಬೆಲೆಯಿದೆ: ಎಸಳು ಹೆಚ್ಚಿದಷ್ಟೂ ಪರಾಗ ಕುಗ್ಗುತ್ತದೆ, ಬೀಜವೂ ಕುಗ್ಗುತ್ತದೆ.

ಬೀಜಕ್ಕೂ ಹೂಬಿಡುವ ಅವಧಿಗೂ ಇರುವ ನಂಟನ್ನು ಮಿಶ್ರತಳಿಗಳು ಸ್ಪಷ್ಟವಾಗಿ ತೋರಿಸಿಕೊಡುತ್ತವೆ. ಇರೆಕ್ಟದ ಜೀವಕೋಶದಲ್ಲಿ 24 ವರ್ಣತಂತುಗಳಿವೆ, ಪ್ಯಾಟ್ಯುಲದಲ್ಲಿ 48. ಇವೆರಡನ್ನು ಕೂಡಿಸಿದರೆ 36 ವರ್ಣತಂತುಗಳ ಸಂತಾನ ಹುಟ್ಟುತ್ತದೆ. ಅದು ಬಂಜೆ, ಬೀಜ ಕಟ್ಟಲಾರದು. ಈ ಗಿಡಗಳು ತಾಯಿತಂದೆ ಎರಡಕ್ಕಿಂತಲೂ ಹೆಚ್ಚು ಕಾಲ ಬಿಡುವಿಲ್ಲದೆ ಹೂ ಬಿಡುತ್ತವೆ. ಬೀಜಕ್ಕೆ ಹರಿಯಬೇಕಿದ್ದ ಸತ್ವ ಹೊಸ ಮೊಗ್ಗಿಗೆ ಹರಿಯುತ್ತದೆ ಎಂಬುದು ಇದಕ್ಕೆ ಒಪ್ಪುವ ವಿವರಣೆ. ಬಂಜೆತನ ಅಲ್ಲಿ ತಾನಾಗಿ ಮಾಡುವ ಕೆಲಸವನ್ನು ಮಾಮೂಲಿ ಗಿಡದಲ್ಲಿ ತೋಟಗಾರನ ಬೆರಳುಗಳು ಮಾಡಬೇಕಾಗುತ್ತದೆ.

ತಳಿಗಳಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ ಮತ್ತು ಪೂಸಾ ಬಸಂತಿ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಬಂಗಾರ ಮತ್ತು ಅರ್ಕ ಅಗ್ನಿ ಹೆಸರಾದವು.

ಬೇಸಾಯ, ಆರೈಕೆ

ನೀರು ಬಸಿಯುವ ಯಾವ ಮಣ್ಣಾದರೂ ಆದೀತು. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಮಾತ್ರ ಬೇಕೇ ಬೇಕು. ಸಸಿಮಡಿಯಲ್ಲಿ ತೆಳುವಾಗಿ ಬಿತ್ತಿ ಮೇಲೆ ಮರಳು ಬೆರೆಸಿದ ಗೊಬ್ಬರ ಉದುರಿಸಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. 25ರಿಂದ 30 ದಿನಗಳ ಸಸಿ ನಾಟಿಗೆ ಹದವಾದದ್ದು. ದೊಡ್ಡ ಬಗೆಗೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಗಿಡ್ಡ ಬಗೆಗೆ ಅದರ ಅರ್ಧ ಸಾಕು. ಮಣ್ಣು ತಾಗಿದರೆ ಕಾಂಡದಿಂದಲೂ ಬೇರು ಹೊರಡುವುದರಿಂದ ಕೊಂಚ ಆಳಕ್ಕೆ ನೆಡುವುದು, ಆಮೇಲೊಮ್ಮೆ ಬುಡಕ್ಕೆ ಮಣ್ಣೇರಿಸುವುದು ಲೇಸು. ಹೂಭಾರಕ್ಕೆ ಗಿಡ ಮಗುಚುವುದು ಇದರಿಂದ ತಪ್ಪುತ್ತದೆ. ಕೊಟ್ಟಿಗೆ ಗೊಬ್ಬರವನ್ನು ನಾಟಿಗೆ ಮೊದಲೇ ಬೆರೆಸಬೇಕು. ಯೂರಿಯಾ ಹೆಚ್ಚಾದರೆ ಗಿಡ ಕಡುಹಸಿರಾಗಿ ಕೊಬ್ಬಿ, ಹೂವನ್ನೇ ಮರೆತಂತೆ ನಿಲ್ಲುತ್ತದೆ. ಇದು ಮುಂದೂಡಿಕೆ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಮುಂದೂಡಬೇಕಾದದ್ದು ಬೀಜವನ್ನು, ಮೊಗ್ಗನ್ನಲ್ಲ.

ಕುಡಿ ಚಿವುಟುವುದು ಆರೈಕೆಯ ಮೊದಲ ಮುಖ್ಯ ಕೆಲಸ. ಬಿಟ್ಟರೆ ನಡುಕಾಂಡ ನೆಟ್ಟಗೆ ಏರಿ ತುದಿಯಲ್ಲಿ ಒಂದು ಹೂ ಬಿಡುತ್ತದೆ, ಪಕ್ಕದ ಕವಲುಗಳು ಹಿಂದುಳಿಯುತ್ತವೆ. ನಾಟಿಯಾದ ಸುಮಾರು ಒಂದು ತಿಂಗಳಿಗೆ, ತುದಿಮೊಗ್ಗು ಬಲಿಯುವ ಮುಂಚೆ, ಕುಡಿಯನ್ನು ಉಗುರಿನಿಂದ ತೆಗೆದರೆ ಎಲೆಕಂಕುಳಿನ ಮಲಗಿದ ಮೊಗ್ಗುಗಳೆಲ್ಲ ಎದ್ದು ಗಿಡ ಬುಟ್ಟಿಯಂತೆ ಅಗಲವಾಗುತ್ತದೆ. ಚಿವುಟಿದರೆ ಹೂ ತಡವಾಗುತ್ತದೆ, ಹಬ್ಬಕ್ಕೆ ಸಿಕ್ಕದೆ ಹೋಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಉತ್ತರ ಬಿತ್ತನೆಯ ದಿನದಲ್ಲಿದೆ. ಮಡಿಯಲ್ಲಿ ಒಂದು ತಿಂಗಳು, ನಾಟಿಯಿಂದ ಹೂವಿಗೆ ಸುಮಾರು ಎರಡು ತಿಂಗಳು ಎಂದು ಹಿಡಿದರೆ, ಅಕ್ಟೋಬರಿನ ದಸರೆಗೆ ಜುಲೈ ಮೊದಲ ವಾರಕ್ಕಾಗಲೇ ಬೀಜ ಮಡಿಗೆ ಬಿದ್ದಿರಬೇಕು. ತಡವಾಗಿ ಬಿತ್ತಿದವರು ಚಿವುಟದೆ ಬಿಡುವುದೇ ಸರಿ. ಹೊತ್ತಿಗೆ ಬಿತ್ತಿದವರು ಚಿವುಟದಿದ್ದರೆ ಕವಲುಗಳ ಹೂವನ್ನೆಲ್ಲ ಕೈಬಿಟ್ಟಂತೆ.

ಎರಡನೆಯ ಕೆಲಸ ಬಾಡಿದ ಹೂಗಳನ್ನು ತೆಗೆಯುವುದು. ಎಸಳನ್ನಷ್ಟೇ ಕಿತ್ತು ಹಸಿರು ಬಟ್ಟಲನ್ನು ಉಳಿಸಿದರೆ ಪ್ರಯೋಜನವಿಲ್ಲ, ಬೀಜವಿರುವುದು ಆ ಬಟ್ಟಲಿನಲ್ಲಿ. ತೊಟ್ಟಿನ ಕೆಳಗೆ, ಮೊದಲ ಎಲೆಜೋಡಿಯ ಮೇಲೆ ಚಿವುಟಬೇಕು. ಹೊಲದಲ್ಲಿ ಬೆಳೆಯುವವರು ಇದನ್ನೆಲ್ಲ ಮಾಡುವುದಿಲ್ಲವಲ್ಲ ಎಂದರೆ, ಅವರು ಮಾಡುವ ಕೊಯ್ಲೇ ಈ ಕೆಲಸ. ಮೈಸೂರಿನಿಂದ ಊಟಿಗೆ ಹೋಗುವ ದಾರಿಯ ಗುಂಡ್ಲುಪೇಟೆ ಸುತ್ತಮುತ್ತ ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಒಪ್ಪಂದದ ಮೇಲೆ ಬೆಳೆಯುವ ಹೊಲಗಳಲ್ಲಿ ಅರಳಿದ ಹೂವನ್ನು ಮತ್ತೆ ಮತ್ತೆ ಬಿಡಿಸುತ್ತಾರೆ, ಗಿಡವೂ ಮತ್ತೆ ಮತ್ತೆ ಬಿಡುತ್ತದೆ. ಆ ಎಸಳಿನ ಲ್ಯೂಟೀನ್ ಎಂಬ ಬಣ್ಣವನ್ನು ಕೋಳಿಮೇವಿಗೆ ಬೆರೆಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಮನೆಯಂಗಳದಲ್ಲಿ ಕೀಳಲು ಮನಸ್ಸಾಗದೆ ಗಿಡದಲ್ಲೇ ಬಿಟ್ಟ ಹೂವೇ ಗಿಡವನ್ನು ಬೇಗ ಮುದಿಯಾಗಿಸುತ್ತದೆ.

ನೀರನ್ನು ಬುಡಕ್ಕೆ ಕೊಡಬೇಕು. ತಲೆಯ ಮೇಲೆ ಹೊಯ್ದರೆ ತುಂಬುಹೂವು ಸ್ಪಂಜಿನಂತೆ ನೀರು ಹಿಡಿದು ಒಳಗಿನಿಂದ ಕೊಳೆಯುತ್ತದೆ.

ಬೇರು ಮತ್ತು ಜಂತುಹುಳು

ತರಕಾರಿ ಮಡಿಯ ಅಂಚಿನಲ್ಲಿ ನಾಲ್ಕು ಚೆಂಡು ಹೂವಿನ ಗಿಡವಿದ್ದರೆ ಹುಳದ ಕಾಟವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರ ಹಿಂದೆ ಗಟ್ಟಿ ವಿಜ್ಞಾನವಿದೆ, ಆದರೆ ಅದು ಹೇಳುವುದು ಬೇರೆಯದನ್ನು. ಸೆಕ್‌ಮೈಸ್ಟರ್ ಮತ್ತು ಸೀಸ್ ಎಂಬ ರಸಾಯನವಿಜ್ಞಾನಿಗಳು 1947ರಲ್ಲಿ ಈ ಹೂವಿನ ಎಸಳಿನಿಂದ ಆಲ್ಫಾ ಟರ್ಥೈನೈಲ್ ಎಂಬ ಗಂಧಕಯುಕ್ತ ವಸ್ತುವನ್ನು ಬೇರ್ಪಡಿಸಿದರು. ಬೇರಿನಲ್ಲಿರುವ ಇದೇ ವಸ್ತು ಮಣ್ಣಿನ ಜಂತುಹುಳುಗಳಿಗೆ (ನೆಮಟೋಡ್) ವಿಷವೆಂದು ನೆದರ್‌ಲೆಂಡ್ಸಿನ ಉಲೆನ್‌ಬ್ರೂಕ್ ಮತ್ತು ಬೈಲೂ 1958ರಲ್ಲಿ ತೋರಿಸಿಕೊಟ್ಟರು. ಇಲ್ಲೊಂದು ತೊಡಕಿದೆ: ಬೆಳಕು ತಾಗಿದಾಗ ಈ ವಸ್ತುವಿನ ವಿಷ ಬಲು ತೀವ್ರ, ಮಣ್ಣಿನೊಳಗಾದರೋ ಕತ್ತಲು. ಹಾಗಿದ್ದರೆ ಅಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ? ಹುಳು ಬೇರನ್ನು ಕೊರೆದು ಒಳಹೊಕ್ಕಾಗ ಬೇರಿನದೇ ಕಿಣ್ವಗಳು ಅದನ್ನು ಚುರುಕುಗೊಳಿಸುತ್ತವೆ ಎಂಬ ಅಭಿಪ್ರಾಯಕ್ಕೆ ಸಾಕಷ್ಟು ಆಧಾರವಿದೆ. ಇದು ಸರಿಯಾದರೆ ಎರಡು ಮಾತು ಹೊರಡುತ್ತವೆ. ಒಂದು, ಕಿತ್ತೊಗೆದ ಗಿಡವನ್ನು ಮಣ್ಣಿಗೆ ಬೆರೆಸಿದರೆ ಅದೇ ಫಲ ಸಿಗದು, ಬೇಕಾದದ್ದು ಜೀವಂತ ಬೇರು. ಇನ್ನೊಂದು, ಬೇರು ಹಬ್ಬಿದಲ್ಲಿ ಮಾತ್ರ ರಕ್ಷಣೆ. ಅಂಚಿನ ನಾಲ್ಕು ಗಿಡ ನಡುವಿನ ಬದನೆಯನ್ನು ಕಾಯಲಾರವು. ಈ ಹುಳುವಿನಿಂದ ಬೇರುಗಂಟು ಕಾಣಿಸಿಕೊಂಡ ಮಡಿಯಲ್ಲಿ ಟೊಮೆಟೊ ಹಾಕುವ ಮುನ್ನ ಇಡೀ ಮಡಿಗೆ ಒತ್ತಾಗಿ ಚೆಂಡು ಹೂವು ಹಾಕಿ, ಎರಡು ಮೂರು ತಿಂಗಳು ಕಳೆ ಬಾರದಂತೆ ಬೆಳೆಸಿದಾಗ ಫಲ ಕಂಡಿದೆ. ನಡುವೆ ಕಳೆ ಬಂದರೆ ಹುಳು ಅದರ ಬೇರಿನಲ್ಲಿ ಉಳಿದುಕೊಳ್ಳುತ್ತದೆ. ಎಲ್ಲ ತಳಿ ಎಲ್ಲ ಜಂತುಹುಳುವನ್ನೂ ತಡೆಯುವುದಿಲ್ಲ ಎಂಬುದೂ ನೆನಪಿರಬೇಕು. ಗಿಡ ಎಷ್ಟು ಕಾಲ ಹಸಿರಾಗಿದ್ದರೆ ಬೇರು ಅಷ್ಟು ಕಾಲ ಕೆಲಸ ಮಾಡುತ್ತದೆ. ಬಾಡಿದ ಹೂ ತೆಗೆಯುವ ಬೆರಳು ಮಣ್ಣಿಗೂ ಉಪಕಾರ ಮಾಡುತ್ತಿರುತ್ತದೆ.

ಟೊಮೆಟೊ ಕಾಯಿಕೊರಕದ ವಿಷಯ ಬೇರೆ. ಅಲ್ಲಿ ಚೆಂಡು ಹೂವು ಹುಳವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಟೊಮೆಟೊದ 14ರಿಂದ 16 ಸಾಲಿಗೆ ಎತ್ತರದ ಚೆಂಡು ಹೂವಿನ ಒಂದು ಸಾಲು ಹಾಕಿದರೆ ಪತಂಗ ಅದರ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ. ಟೊಮೆಟೊ ಹೂ ಬಿಡುವಾಗಲೇ ಇದೂ ಬಿಡಬೇಕೆಂದು 25 ದಿನದ ಟೊಮೆಟೊ ಸಸಿಯ ಜೊತೆ 45 ದಿನದ ಚೆಂಡು ಹೂವಿನ ಸಸಿಯನ್ನು ನಾಟಿ ಮಾಡುತ್ತಾರೆ.

ರೋಗ, ಕೀಟ

ಸಸಿಮಡಿಯಲ್ಲಿ ನೀರು ನಿಂತರೆ ಸಸಿಗಳು ಬುಡ ಕೊಳೆತು ಸಾಲಾಗಿ ಬೀಳುತ್ತವೆ. ಜಡಿಮಳೆಯಲ್ಲಿ ಎಲೆಚುಕ್ಕೆ ರೋಗವೂ ಹೂಕೊಳೆಯೂ, ಬಿರುಬಿಸಿಲಿನಲ್ಲಿ ಕೆಂಪು ನುಸಿಯೂ ಸಾಮಾನ್ಯ. ನುಸಿ ಬಿದ್ದ ಎಲೆ ಬೂದು ಬಣ್ಣಕ್ಕೆ ತಿರುಗಿ ಅಡಿಯಲ್ಲಿ ನವಿರಾದ ಬಲೆ ಕಾಣುತ್ತದೆ.

ಬೀಜ

ಒಣಗಿದ ಬಟ್ಟಲನ್ನು ಸೀಳಿದರೆ ಕಪ್ಪು ಕಡ್ಡಿಗಳು ಕಟ್ಟಾಗಿ ಜೋಡಿಸಿಟ್ಟಂತೆ ಕಾಣುತ್ತವೆ. ಪ್ರತಿಯೊಂದರ ತುದಿಗೂ ಹುಲ್ಲುಬಣ್ಣದ ಪುಟ್ಟ ಕುಚ್ಚು. ಕಪ್ಪಾಗಿ ಬಿರುಸಾಗಿರುವುದು ಬೀಜ, ಮಾಸಲಾಗಿ ಮೆತ್ತಗಿರುವುದು ಜೊಳ್ಳು. ಉದುರಿದ ಬೀಜದಿಂದ ಮರುವರ್ಷ ತಾನಾಗಿ ಎದ್ದ ಗಿಡಗಳ ಹೂ ಚಿಕ್ಕದಾಗಿ ಒಂಟಿಸುತ್ತಿನದಾಗುತ್ತದೆ ಎಂದು ಮಣ್ಣನ್ನು ದೂರುವವರಿದ್ದಾರೆ. ತಪ್ಪು ಮಣ್ಣಿನದಲ್ಲ. ತುಂಬುಹೂವಿನ ಗಿಡ ಕಟ್ಟುವ ಬೀಜ ಕಡಿಮೆ, ಒಂಟಿಸುತ್ತಿನದು ಕಟ್ಟುವುದು ಹೆಚ್ಚು. ಜೇನುನೊಣ ಎರಡರ ಪರಾಗವನ್ನೂ ಬೆರೆಸುತ್ತದೆ. ಹೀಗೆ ಬಿಟ್ಟಲ್ಲಿ ಬಿಟ್ಟ ಮಡಿ ವರ್ಷದಿಂದ ವರ್ಷಕ್ಕೆ ಕಾಡುಗಿಡದ ಕಡೆ ವಾಲುತ್ತದೆ. ಹೈಬ್ರಿಡ್ ಬೀಜದ ಗಿಡವಾದರೆ ಮುಂದಿನ ಪೀಳಿಗೆ ಹೇಗೂ ತಾಯಿಯಂತಿರದು. ಬೇರೆ ತಳಿಗಳಲ್ಲಿ ಹೂಗಾಲದ ನಡುವಿನಲ್ಲೇ ಒಳ್ಳೆಯ ಎರಡು ಮೂರು ಗಿಡಗಳನ್ನು ಆರಿಸಿ, ಒಂದೊಂದರಲ್ಲಿ ನಾಲ್ಕಾರು ದೊಡ್ಡ ಹೂಗಳಿಗೆ ದಾರ ಕಟ್ಟಿ, ಅವನ್ನು ಮಾತ್ರ ಗಿಡದಲ್ಲೇ ಒಣಗಲು ಬಿಟ್ಟು, ಮಳೆ ತಾಗುವ ಮುನ್ನ ಬಿಡಿಸಿ, ನೆರಳಿನಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿ ಇಡಬೇಕು.