ಮಧ್ಯಮ ಹಾಡಲಾಗದ ಮೇಷ್ಟ್ರು, ಸ್ವರಲಿಪಿಗೆ ಸಿಗದ ನೊದಾಮೆ

ಸಂಗೀತ ಕಾಲೇಜಿನ ಹುಡುಗನೊಬ್ಬ ಕುಡಿದು ಬಂದು ತನ್ನ ಮನೆ ಬಾಗಿಲಲ್ಲೇ ನಿದ್ದೆ ಹೋಗುತ್ತಾನೆ. ಎಚ್ಚರವಾದಾಗ ಅವನ ಕಿವಿಗೆ ಬೀಳುವುದು ಬೀಥೋವನ್‌ನ ‘ಪಥೆಟೀಕ್’ ಸೊನಾಟಾ, ಕಣ್ಣಿಗೆ ಬೀಳುವುದು ಕಸದ ರಾಶಿ. ರಾಶಿಯ ನಡುವೆ ಕೂತು ಪಿಯಾನೋ ನುಡಿಸುತ್ತಿರುವವಳು ಪಕ್ಕದ ಮನೆಯ ಹುಡುಗಿ ನೋದಾ ಮೆಗುಮಿ. ಎಲ್ಲರ ಬಾಯಲ್ಲಿ ಅವಳು ನೊದಾಮೆ.

ನಿನೋಮಿಯಾ ತೊಮೊಕೊ ಬರೆದು ಚಿತ್ರಿಸಿದ ‘ನೊದಾಮೆ ಕಾಂಟಾಬಿಲೆ’ ಹೀಗೆ ಶುರುವಾಗುತ್ತದೆ. 2001ರಿಂದ 2009ರವರೆಗೆ ‘ಕಿಸ್’ ಎಂಬ ಮಹಿಳಾ ಕಾಮಿಕ್ಸ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಮಾಂಗಾ 2004ರಲ್ಲಿ ಕೊದಾನ್ಶಾ ಪ್ರಶಸ್ತಿ ಪಡೆಯಿತು, 2006ರಲ್ಲಿ ಟೀವಿ ಧಾರಾವಾಹಿಯೂ ಆಯಿತು. ಓದುವವರಿಗೆ ಇದು ನಗಿಸುವ ಪ್ರೇಮಕಥೆ. ಆದರೆ ಕಥೆಯನ್ನು ಕಟ್ಟಿರುವ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರೆ, ಹೊರಗಿನಿಂದ ಬಂದ ಸಂಗೀತವನ್ನು ಜಪಾನ್ ತನ್ನದಾಗಿಸಿಕೊಂಡ ನೂರಿಪ್ಪತ್ತು ವರ್ಷಗಳ ಚರಿತ್ರೆ ಒಳಗೆ ಕಾಣುತ್ತದೆ.

ಆ ಚರಿತ್ರೆ ಶುರುವಾಗುವುದು ಹಾಡಲು ಬಾರದ ಒಬ್ಬ ಮೇಷ್ಟ್ರಿಂದ. ಮೇಜಿ ಸರ್ಕಾರ 1875ರಲ್ಲಿ ಇಸಾವಾ ಶೂಜಿ ಎಂಬ ತರುಣನನ್ನು ಶಿಕ್ಷಣ ಕ್ರಮ ಕಲಿತು ಬರಲೆಂದು ಅಮೆರಿಕಕ್ಕೆ ಕಳಿಸಿತು. ಉಳಿದ ಪಾಠಗಳೆಲ್ಲ ಒಲಿದವು, ಹಾಡುವುದು ಮಾತ್ರ ಒಲಿಯಲಿಲ್ಲ. ಅವನು ಕೇಳಿ ಬೆಳೆದ ಹಾಡುಗಳಲ್ಲಿ ಐದು ಸ್ವರಗಳದ್ದೇ ರಾಜ್ಯ. ಏಳು ಸ್ವರಗಳ ಮೆಟ್ಟಿಲು ಹತ್ತುವಾಗ ಅವನ ಗಂಟಲು ತಡವರಿಸುತ್ತಿತ್ತು. ಪರದೇಶದವನೆಂದು ಕನಿಕರಪಟ್ಟು ಶಾಲೆಯವರು ಸಂಗೀತದಿಂದ ವಿನಾಯಿತಿ ಕೊಡಲು ಬಂದರು. ಇಸಾವಾ ಒಪ್ಪಲಿಲ್ಲ. ಬಾಸ್ಟನ್ನಿನ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಲೂಥರ್ ವೈಟಿಂಗ್ ಮೇಸನ್ ಎಂಬವರ ಬಳಿ ಹೋಗಿ ಕಲಿತ.

1879ರಲ್ಲಿ ಸರ್ಕಾರ ಸಂಗೀತ ಶಿಕ್ಷಣಕ್ಕೆಂದು ಒಂದು ಸಂಸ್ಥೆ ತೆರೆದು ಇಸಾವಾನನ್ನೇ ಮುಖ್ಯಸ್ಥನಾಗಿಸಿತು. ಮರುವರ್ಷ ಮೇಸನ್ ಟೋಕಿಯೋಗೆ ಬಂದರು. ಇಬ್ಬರೂ ಸೇರಿ ಶಾಲಾ ಮಕ್ಕಳಿಗೆ ಹಾಡಿನ ಪುಸ್ತಕ ಸಿದ್ಧಪಡಿಸಿದರು. ಪಾಶ್ಚಾತ್ಯ ಧಾಟಿಗಳು, ಜಪಾನಿ ಪದಗಳು. ಸ್ಕಾಟ್ಲೆಂಡಿನ ಒಂದು ಜನಪದ ಧಾಟಿ ಹೀಗೆ ಬಂದು, ಇಂದಿಗೂ ಜಪಾನಿನ ಶಾಲೆಗಳ ಬೀಳ್ಕೊಡುಗೆಯ ಹಾಡಾಗಿ ಉಳಿದಿದೆ. ಅದು ಅಲ್ಲಿ ಬೇರೂರಿದ್ದಕ್ಕೆ ಒಂದು ಕಾರಣ, ಅದೂ ಐದು ಸ್ವರಗಳ ಧಾಟಿ. ಮಧ್ಯಮ, ನಿಷಾದ ಎರಡೂ ಇಲ್ಲ. ನಮ್ಮ ಕಿವಿಗಾದರೆ ಮೋಹನ ರಾಗದ ಸ್ವರಗಳು.

ಈ ಹಾಡುಗಳನ್ನು ಕಲಿಸಿದ್ದು ಸಂತೋಷಕ್ಕಲ್ಲ ಎಂಬುದನ್ನು ಗಮನಿಸಬೇಕು. ಹಾಡಿದರೆ ಮಕ್ಕಳ ಶ್ವಾಸಕೋಶ ಬಲವಾಗುತ್ತದೆ, ನಡತೆ ತಿದ್ದುತ್ತದೆ, ಒಳ್ಳೆಯ ಪ್ರಜೆಗಳು ತಯಾರಾಗುತ್ತಾರೆ ಎಂಬುದು ಅಧಿಕಾರಿಗಳ ಲೆಕ್ಕ. ನಮ್ಮ ದಕ್ಷಿಣದಲ್ಲಿ ಪಿಟೀಲು ಬಂದಾಗ ನಾವು ವಾದ್ಯವನ್ನಷ್ಟೇ ತೆಗೆದುಕೊಂಡೆವು. ನೆಲದ ಮೇಲೆ ಕೂತು ಅದರಲ್ಲಿ ನಮ್ಮ ಕೀರ್ತನೆಗಳನ್ನೇ ನುಡಿಸಿದೆವು. ಜಪಾನ್ ವಾದ್ಯದ ಜೊತೆಗೆ ಸಂಗೀತವನ್ನೂ ತಂದು ಪಠ್ಯಕ್ರಮಕ್ಕೆ ಸೇರಿಸಿತು. ಪಠ್ಯವಾದ ಮೇಲೆ ‘ಸರಿ’ಯೂ ಇರಬೇಕು, ‘ತಪ್ಪು’ ಕೂಡ ಇರಬೇಕು. ಯಾವುದು ಸರಿ ಎಂದು ಹೇಳುವವರು ಸಮುದ್ರದಾಚೆ ಇದ್ದರು.

ಹಾಗಾಗಿ ಸಮುದ್ರ ದಾಟುವುದು ಅನಿವಾರ್ಯವಾಯಿತು. 1889ರಲ್ಲಿ ಕೋದಾ ನೋಬು ಎಂಬ ಹೆಣ್ಣುಮಗಳು ಸರ್ಕಾರದ ಖರ್ಚಿನಲ್ಲಿ ಬಾಸ್ಟನ್‌ಗೆ, ಅಲ್ಲಿಂದ ವಿಯೆನ್ನಾಗೆ ಹೋದಳು. ಸಂಗೀತಕ್ಕೆಂದು ಸರ್ಕಾರ ಹೊರದೇಶಕ್ಕೆ ಕಳಿಸಿದ ಮೊದಲ ವಿದ್ಯಾರ್ಥಿ ಆಕೆಯೇ. ಮರಳಿ ಬಂದು ಟೋಕಿಯೋ ಸಂಗೀತ ಶಾಲೆಯ ಪ್ರಾಧ್ಯಾಪಕಿಯಾದಳು. ಆದರೆ ಆ ಎತ್ತರದಲ್ಲಿ ಹೆಣ್ಣೊಬ್ಬಳನ್ನು ಪತ್ರಿಕೆಗಳು ಸಹಿಸಲಿಲ್ಲ. ಟೀಕೆಯ ಸುರಿಮಳೆಯ ನಡುವೆ 1909ರಲ್ಲಿ ಹುದ್ದೆ ಬಿಟ್ಟು, ಮುಂದೆ ಖಾಸಗಿಯಾಗಿ ಪಿಯಾನೋ ಪಾಠ ಹೇಳುತ್ತ ಬದುಕಿದಳು. ಆಕೆಯ ನಂತರದ ತಲೆಮಾರಿನ ತಾಕಿ ರೆಂತಾರೋ 1901ರಲ್ಲಿ ಲೈಪ್‌ಜಿಗ್ ಸೇರಿದ. ಕೆಲವೇ ತಿಂಗಳಲ್ಲಿ ಕ್ಷಯ ಹಿಡಿಯಿತು. ಊರಿಗೆ ಮರಳಿ 1903ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 23 ವರ್ಷ. 1959ರಲ್ಲಿ ಒಜಾವಾ ಸೇಯ್‌ಜಿ ಒಂದು ಸ್ಕೂಟರಿನೊಡನೆ ಸರಕು ಹಡಗು ಹತ್ತಿ ಯುರೋಪಿಗೆ ಹೋಗಿ, ಫ್ರಾನ್ಸಿನ ಬೆಸಾನ್ಸಾನ್‌ನಲ್ಲಿ ನಡೆದ ವಾದ್ಯವೃಂದ ನಿರ್ದೇಶಕರ ಸ್ಪರ್ಧೆ ಗೆದ್ದ.

ಈಗ ಮಾಂಗಾಕ್ಕೆ ಮರಳೋಣ. ಬಾಗಿಲಲ್ಲಿ ನಿದ್ದೆ ಹೋಗಿದ್ದ ಆ ಹುಡುಗ ಚಿಯಾಕಿಗೂ ವಾದ್ಯವೃಂದ ನಿರ್ದೇಶಕನಾಗುವ ಆಸೆ. ಪ್ರತಿಭೆ, ಹಣ, ಶಿಸ್ತು ಎಲ್ಲವೂ ಇವೆ. ಆದರೆ ಚಿಕ್ಕಂದಿನ ಅವಘಡಗಳಿಂದಾಗಿ ವಿಮಾನ ಕಂಡರೆ ಭಯ, ಹಡಗು ಕಂಡರೂ ಭಯ. ಯುರೋಪಿಗೆ ಹೋಗಲಾಗದವನು ಈ ಸಂಗೀತದಲ್ಲಿ ಏನಾದಾನು? ಓದುವಾಗ ನಗು ಬರುತ್ತದೆ, ಆದರೆ ಕೋದಾ, ತಾಕಿ, ಒಜಾವಾ ದಾಟಿದ ಸಮುದ್ರವೇ ಅವನೆದುರು ನಿಂತಿದೆ. ಹೋಗಲಾಗದ ಕಾರಣಕ್ಕೇ ಅವನು ಊರಿನಲ್ಲೇ, ದಾರಿ ತಪ್ಪಿದ ವಿದ್ಯಾರ್ಥಿಗಳ ವಾದ್ಯವೃಂದವೊಂದನ್ನು ಹಿಡಿದು ಬೀಥೋವನ್‌ನ ಸಿಂಫನಿ ನುಡಿಸುತ್ತಾನೆ.

ನೊದಾಮೆಯ ಕಷ್ಟ ಇನ್ನೊಂದು ಬಗೆಯದು. ಒಮ್ಮೆ ಕೇಳಿದ್ದನ್ನು ನುಡಿಸಬಲ್ಲಳು. ಸ್ವರಲಿಪಿ ನೋಡಿ ನುಡಿಸು ಎಂದರೆ ಮೈ ಹಿಂಡಿ ಹೋಗುತ್ತದೆ. ಬಾಲ್ಯದಲ್ಲಿ ಕಟ್ಟುನಿಟ್ಟಾಗಿ ತಿದ್ದಲು ಹೊರಟ ಗುರುವಿನಿಂದ ಏಟು ತಿಂದವಳು ಅವಳು. ಅವಳಿಗಿರುವ ಆಸೆ ಶಿಶುವಿಹಾರದ ಟೀಚರಾಗುವುದು. ಮಕ್ಕಳಿಗೆಂದು ಅವಳು ಹಾಡು ಕಟ್ಟುತ್ತಾಳೆ, ಯಾವುದರ ಮೇಲೆ? ಹೂಸು ಬಿಡುವ ವ್ಯಾಯಾಮದ ಮೇಲೆ! ಮಕ್ಕಳ ನಡತೆ ತಿದ್ದಲು ಹಾಡು ಬರೆಸಿದ ಇಸಾವಾ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ.

ಆದರೂ ನೊದಾಮೆ ಆ ಚರಿತ್ರೆಗೆ ಹೊರಗಿನವಳಲ್ಲ. ಮಗು ಮಾತು ಕಲಿಯುವಂತೆ ಸಂಗೀತವನ್ನೂ ಕೇಳಿ ಕೇಳಿಯೇ ಕಲಿಯಬೇಕು, ಓದುವುದು ಆಮೇಲೆ ಎಂದು ವಯಲಿನ್ ಗುರು ಸುಜುಕಿ ಶಿನಿಚಿ ಯುದ್ಧಾನಂತರದ ಜಪಾನಿನಲ್ಲಿ ಹೇಳಿದ್ದ. ಆ ವಿಧಾನ ಮುಂದೆ ಪಶ್ಚಿಮಕ್ಕೇ ಹೋಯಿತು. ಒಂದು ಸಂಗೀತ ಮಾತೃಭಾಷೆಯಾದಾಗ ಅದರಲ್ಲಿ ತಮಾಷೆ ಮಾಡಬಹುದು, ತಪ್ಪು ಮಾಡಬಹುದು. ನೊದಾಮೆ ನುಡಿಸುವುದು ಅಂಥ ಸಂಗೀತವನ್ನು.

ಹಾಗೆಂದು ನಿನೋಮಿಯಾ ಇಬ್ಬರಲ್ಲಿ ಒಬ್ಬರನ್ನು ಗೆಲ್ಲಿಸುವುದಿಲ್ಲ. ಚಿಯಾಕಿಯ ಭಯ ಬಿಡಿಸುವವಳು ನೊದಾಮೆ. ಅವಳನ್ನು ಸ್ವರಲಿಪಿಯ ಮುಂದೆ ಕೂರಿಸುವವನು ಚಿಯಾಕಿ. ಇಬ್ಬರೂ ಪ್ಯಾರಿಸ್ಸಿಗೆ ಹೋಗುತ್ತಾರೆ. ಕಾಲೇಜಿನಲ್ಲಿ ಮೊದಲ ಸಲ ಜೊತೆಯಾಗಿ ನುಡಿಸಿದ್ದ ಮೊಜಾರ್ಟನ ಎರಡು ಪಿಯಾನೋಗಳ ಸೊನಾಟಾವನ್ನೇ ಕೊನೆಯ ಹೊತ್ತಿಗೆ ಮತ್ತೊಮ್ಮೆ ನುಡಿಸುತ್ತಾರೆ. ಆ ಸೊನಾಟಾಕ್ಕೆ ಎರಡು ವಾದ್ಯ ಬೇಕು, ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲೂ ಬೇಕು. ಪರೀಕ್ಷೆಗೆ ಹೆದರಿ ಕಲಿತ ಹಾಡನ್ನು ಯಾವಾಗಲೋ ಒಂದು ದಿನ ಖುಷಿಗೆಂದು ಗುನುಗಿಕೊಂಡವರಿಗೆಲ್ಲ, ಅಲ್ಲಿ ಏನಾಗುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.