ಮುದ್ರೆ ಮತ್ತು ಸ್ವಾಸ್ತ್ಯ: ಕಿತ್ತೂರು, 1824

ನಾಬೋತನ ದ್ರಾಕ್ಷೆಯ ತೋಟದ ವೃತ್ತಾಂತದಲ್ಲಿ (1 ಅರಸುಗಳು 21) ಅಹಾಬನು ಕತ್ತಿಯನ್ನೆತ್ತಲಿಲ್ಲ. ಅವನ ಹೆಸರಿನಲ್ಲಿ ಪತ್ರಗಳು ಹೋದವು, ಅವುಗಳಿಗೆ ಅವನ ಮುದ್ರೆ ಬಿದ್ದಿತು, ಸಾಕ್ಷಿಗಳು ನಿಂತರು. ಪಿತ್ರಾರ್ಜಿತ ಸ್ವಾಸ್ತ್ಯವು ನ್ಯಾಯವಿಚಾರಣೆಯ ವೇಷದಲ್ಲಿಯೇ ಅಪಹೃತವಾಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈ ಅಧ್ಯಾಯವನ್ನು ಓದುವ ನಾವು ಆ ನೆಲದ ಚರಿತ್ರೆಯನ್ನು ಮರೆತು ಓದಲಾಗದು.

ಕಂಪನಿಯು ಬರುವ ಮೊದಲೇ ಕಿತ್ತೂರು ಸಂಸ್ಥಾನವು ಬಳಲಿತ್ತು. ದೇಸಾಯಿ ಮಲ್ಲಸರ್ಜನು ಪೇಶ್ವೆಯ ಸೆರೆಯಲ್ಲಿ ನಲುಗಿ 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಯ ಪಕ್ಷವನ್ನು ಹಿಡಿದನು. ಆ ಆಶ್ರಯದ ಬೆಲೆಯು ತಿಳಿದುಬಂದದ್ದು 1824ರ ಸೆಪ್ಟೆಂಬರಿನಲ್ಲಿ, ಅವನು ಸಂತಾನವಿಲ್ಲದೆ ಮಡಿದಾಗ. ದತ್ತಕಪುತ್ರ ಶಿವಲಿಂಗಪ್ಪನ ಹಕ್ಕನ್ನು ಸಂಶಯಿಸಿದ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಅದನ್ನು ಮಾನ್ಯಮಾಡದೆ ಅರಮನೆಯ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಇಲ್ಲಿಯೂ ಮೊದಲು ಬಂದದ್ದು ಮುದ್ರೆಯೇ; ತೋಪುಗಳು ಅನಂತರ ಬಂದವು.

ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಹತನಾದನು. ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಅಧಿಕಾರಿಗಳನ್ನು ರಾಣಿ ಚೆನ್ನಮ್ಮನು ಕೊಲ್ಲಿಸದೆ ಕಾಪಾಡಿ ಬಿಡುಗಡೆಮಾಡಿದಳು. ಆದರೂ ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ಬೈಲಹೊಂಗಲದ ಸೆರೆಯಲ್ಲಿಯೇ ರಾಣಿಯು 1829ರ ಫೆಬ್ರವರಿ 2ರಂದು ಕೊನೆಯುಸಿರೆಳೆದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ದತ್ತಕದ ನಿರಾಕರಣೆಯು ಅಲ್ಲಿಗೇ ನಿಲ್ಲಲಿಲ್ಲ. ಅದೇ ಅನ್ಯಾಯಕ್ಕೆ ಗುರಿಯಾದ ನರಗುಂದದ ಭಾಸ್ಕರರಾವ್ ಭಾವೆಯು 1858ರಲ್ಲಿ ದಂಗೆಯೆದ್ದನು. ರಾಮದುರ್ಗದಿಂದ ಹೊರಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಮೇ 29ರ ರಾತ್ರಿ ಸುರೇಬಾನದಲ್ಲಿ ಹತನಾದನು. ಮರುತಿಂಗಳಲ್ಲೇ ಚೀನಾದ ಟಿಯೆನ್‌ಟ್ಸಿನ್‌ನಲ್ಲಿ, ಕುಗ್ಗುತ್ತಿದ್ದ ಚಿಂಗ್ ರಾಜವಂಶದಿಂದ ಯುರೋಪಿನ ಬಲಗಳು ಒಪ್ಪಂದಗಳಿಗೆ ಸಹಿ ಹಾಕಿಸಿಕೊಂಡವು. ವ್ಯಾಪಾರದ ಸೌಲಭ್ಯಗಳ ಜೊತೆಯಲ್ಲಿ ಕ್ರೈಸ್ತ ಬೋಧನೆಗೆ ರಕ್ಷಣೆಯೂ ಅವುಗಳಲ್ಲಿತ್ತು. ಸುವಾರ್ತೆಯು ಅಲ್ಲಿ ಫಿರಂಗಿಯ ಅಡಿಬರಹವಾಯಿತು.

ನಮ್ಮ ಸೀಮೆಯ ಮಿಷನ್ ಚರಿತ್ರೆಯನ್ನು ಕಂಪನಿಯ ಚರಿತ್ರೆಯೊಡನೆ ಒಂದೇ ಎನ್ನುವುದು ಸತ್ಯವಲ್ಲ. 1813ರ ವರೆಗೆ ಕಂಪನಿಯೇ ಮಿಷನರಿಗಳಿಗೆ ಅಡ್ಡಿಯಾಗಿತ್ತು. ಆದರೆ ಅವೆರಡೂ ಬೇರೆಬೇರೆ ಎಂದು ಕೈತೊಳೆದುಕೊಳ್ಳುವುದೂ ಸತ್ಯವಲ್ಲ. 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್ ದಂಡಿನ ಊರಿನಲ್ಲಿ ನೆಲೆಯೂರಿತು. ಬಾಸೆಲ್ ಮಿಷನ್ ಧಾರವಾಡವನ್ನು ತಲುಪಿದ್ದು ಥ್ಯಾಕರೆಯು ಹತನಾದ 13 ವರ್ಷಗಳ ಬಳಿಕ, 1837ರಲ್ಲಿ. ಅವರು ತಂದ ಶಾಲೆ, ನಿಘಂಟು, ವೇದಪುಸ್ತಕಗಳಿಗಾಗಿ ನಾವು ಕೃತಜ್ಞರು. ಅವರು ನಡೆದುಬಂದ ದಾರಿಯನ್ನು ತೆರೆದವರಾರೆಂಬುದನ್ನು ಹೇಳದ ಕೃತಜ್ಞತೆಯು ಮಾತ್ರ ಅರ್ಧಸತ್ಯ.

ಎಲೀಯನು ಅಹಾಬನನ್ನು ಎದುರಿಸಿದ್ದು ಅರಮನೆಯಲ್ಲಲ್ಲ, ಕಸಿದುಕೊಂಡ ತೋಟದಲ್ಲಿ. ಬೈಲಹೊಂಗಲದಲ್ಲಿರುವ ರಾಣಿಯ ಸಮಾಧಿಯು ನಮ್ಮ ಸಭೆಗಳಿಗೆ ಅಂಥದೊಂದು ತೋಟ. ನಾವು ಅಲ್ಲಿ ನಿಂತು ಈ ಅಧ್ಯಾಯವನ್ನು ಓದಬೇಕು. ನಮ್ಮ ಕಾಲದಲ್ಲಿ ಕಾಗದ ಮತ್ತು ಮುದ್ರೆಗಳ ಬಲದಿಂದ ಹೊಲವನ್ನು ಕಳೆದುಕೊಳ್ಳುತ್ತಿರುವ ನೆರೆಯವನು ಯಾರೆಂದು ಕೇಳಬೇಕು.