ಹೆಸರಿಲ್ಲದ ಚಿತ್ರಕಡತದ ಅಂತಃಸಾಕ್ಷ್ಯ

ಹಳೆಯ ಕನ್ನಡ ಪುಸ್ತಕವೊಂದರ ಸ್ಕ್ಯಾನ್ ಪ್ರತಿಯೆಂದು ಸ್ನೇಹಿತರೊಬ್ಬರು ಕೊಟ್ಟ ಸಿ.ಡಿ.ಯಲ್ಲಿ ಇದ್ದದ್ದು ಒಂದೇ ಫೈಲು. ಅದರ ಹೆಸರಿಗೆ ಎಕ್ಸ್‌ಟೆನ್ಷನ್ ಇರಲಿಲ್ಲ. ಯಾವ ತಂತ್ರಾಂಶದಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ನನ್ನನ್ನೇ ಕೇಳಿತು. ಇಂಥಲ್ಲಿ ‘.ಜೆಪಿಜಿ’ ಎಂದು ಅಂಟಿಸಿ ನೋಡುವುದು ಎಲ್ಲರ ರೂಢಿ. ಹಾಗೆ ಮಾಡಿದರೆ ಹೆಸರು ಬದಲಾದೀತು, ಒಳಗಿನ ಒಂದು ಬೈಟೂ ಬದಲಾಗದು. ಓಲೆಕಟ್ಟಿಗೆ ಯಾರೋ ಸಿಕ್ಕಿಸಿದ ಚೀಟಿಯನ್ನು ನಂಬಿ ಕೃತಿ ಯಾವುದೆಂದು ನಾವು ತೀರ್ಮಾನಿಸುವುದಿಲ್ಲ. ಕಟ್ಟು ಬಿಚ್ಚಿ ಮೊದಲ ಗರಿ ಓದುತ್ತೇವೆ. ಫೈಲಿಗೂ ಅದೇ ಕ್ರಮ ಸಲ್ಲುತ್ತದೆ.

ಹೆಕ್ಸ್ ವ್ಯೂವರ್‌ನಲ್ಲಿ ತೆರೆದಾಗ ಮೊದಲ ನಾಲ್ಕು ಬೈಟುಗಳು ಹೀಗಿದ್ದವು: 49 49 2ಎ 00. ಜೆಪೆಗ್ ಆಗಿದ್ದರೆ ಎಫ್‌ಎಫ್ ಡಿ8 ಎಂದು, ಪಿಎನ್‌ಜಿ ಆಗಿದ್ದರೆ 89 ಎಂದು ಮೊದಲಾಗಬೇಕಿತ್ತು. ಇದು ಟಿಫ್. ಆಲ್ಡಸ್ ಸಂಸ್ಥೆ 1986ರಲ್ಲಿ ರೂಪಿಸಿದ ನಮೂನೆ. ಇಂದಿಗೂ ಆಧಾರವಾಗಿರುವ 6.0ನೇ ಆವೃತ್ತಿ 1992ರದು. ಎರಡು ಸಲ ಬಂದ 49 ಎಂದರೆ ‘ಐಐ’ ಅಕ್ಷರಗಳು: ಸಂಖ್ಯೆಗಳನ್ನು ಇಂಟೆಲ್ ಪದ್ಧತಿಯಲ್ಲಿ, ಚಿಕ್ಕ ಸ್ಥಾನದ ಬೈಟು ಮೊದಲು ಬರುವಂತೆ ಬರೆದಿದೆ ಎಂಬ ಸೂಚನೆ. ಮೋಟೊರೋಲಾ ಪದ್ಧತಿಯಾದರೆ ‘ಎಂಎಂ’ ಇರುತ್ತದೆ. ಆಮೇಲಿನದು 42 ಎಂಬ ಗುರುತಿನ ಸಂಖ್ಯೆ.

ನಮೂನೆ ತಿಳಿದರೂ ತೊಡಕು ಮುಗಿಯಲಿಲ್ಲ. ಟಿಫ್ ಎಂಬುದು ಡಬ್ಬಿ. ಚಿತ್ರವನ್ನು ಒಳಗೆ ಹೇಗೆ ಅಡಕಿಸಿದೆ ಎಂಬುದನ್ನು 259ನೇ ಟ್ಯಾಗ್ ಹೇಳುತ್ತದೆ. ಒಂದು ಟಿಫ್ ತೆರೆದ ತಂತ್ರಾಂಶ ಇನ್ನೊಂದು ಟಿಫ್‌ಗೆ ಮುಗ್ಗರಿಸುವುದು ಇದರಿಂದಲೇ. ನನ್ನ ಫೈಲಿನಲ್ಲಿ ಅದರ ಬೆಲೆ 4, ಅಂದರೆ ಫ್ಯಾಕ್ಸ್‌ಗಾಗಿ 1984ರಲ್ಲಿ ನಿಗದಿಯಾದ ಗ್ರೂಪ್ 4 ವಿಧಾನ. ಪ್ರತಿ ಸಾಲನ್ನೂ ಮೇಲಿನ ಸಾಲಿಗೆ ಹೋಲಿಸಿ, ಕಪ್ಪು ಬಿಳುಪು ಬದಲಾಗುವ ಜಾಗವನ್ನಷ್ಟೇ ಅದು ಬರೆದಿಡುತ್ತದೆ. ಒಂದು ಚುಕ್ಕಿಯೂ ನಷ್ಟವಾಗುವುದಿಲ್ಲ. 600 ಡಿಪಿಐಯಲ್ಲಿ ಒಂದು ಎ4 ಪುಟ, ಅಡಕಿಸದೆ ಇಟ್ಟರೆ ಕಪ್ಪು ಬಿಳುಪಿನಲ್ಲೇ ಸುಮಾರು 43 ಲಕ್ಷ ಬೈಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳೂ ಪುಟಕ್ಕೊಂದು ಟಿಫ್ ಆಗಿದ್ದವು. ಆದ್ದರಿಂದ ಕನ್ನಡ ಸಂಶೋಧಕರಿಗೆ ಈ ನಮೂನೆ ಎದುರಾಗುವುದು ಅಪರೂಪವಲ್ಲ.

ನಾನು ಹೆಚ್ಚು ಎಚ್ಚರ ವಹಿಸಬೇಕಾದದ್ದು ಮುಂದಿನ ಹೆಜ್ಜೆಯಲ್ಲಿ. ಸಾಮಾನ್ಯ ಚಿತ್ರ ತಂತ್ರಾಂಶವೊಂದು ಫೈಲನ್ನು ಸಲೀಸಾಗಿ ತೆರೆಯಿತು, ಮುಖಪುಟ ಕಾಣಿಸಿತು. ಅಲ್ಲಿಗೇ ತೃಪ್ತನಾಗಿ ಜೆಪೆಗ್ ಮಾಡಿ ಉಳಿಸಿದ್ದರೆ ಪುಸ್ತಕ ಕೈತಪ್ಪುತ್ತಿತ್ತು. ಟಿಫ್‌ನಲ್ಲಿ ಪ್ರತಿ ಚಿತ್ರಕ್ಕೂ ಒಂದು ವಿವರಪಟ್ಟಿ ಇರುತ್ತದೆ. ಪಟ್ಟಿಯ ಕೊನೆಯ ನಾಲ್ಕು ಬೈಟುಗಳು ಮುಂದಿನ ಪಟ್ಟಿ ಎಲ್ಲಿದೆ ಎಂದು ತೋರಿಸುತ್ತವೆ. ಅಲ್ಲಿ ಸೊನ್ನೆ ಇದ್ದರೆ ಮಾತ್ರ ಸರಪಳಿ ಮುಗಿಯಿತೆಂದು ಅರ್ಥ. ಇಲ್ಲಿ ಸೊನ್ನೆ ಇರಲಿಲ್ಲ. ‘ಟಿಫ್‌ಇನ್ಫೋ’ ಎಂಬ ಚಿಕ್ಕ ಸಾಧನ ಇಡೀ ಸರಪಳಿಯನ್ನು ಪಟ್ಟಿ ಮಾಡಿ ಕೊಟ್ಟಿತು. ‘ಟಿಫ್‌ಸ್ಪ್ಲಿಟ್’ ಪುಟಗಳನ್ನು ಬಿಡಿಸಿಕೊಟ್ಟಿತು.

ಕೊನೆಯ ಪುಟ ಪುಸ್ತಕದ ಒಪ್ಪೋಲೆ. ಅದರ ತಿದ್ದುಪಡಿಗಳಲ್ಲಿ ಹಲವು ದ, ಧಗಳ ನಡುವಿನವು. ಪರೀಕ್ಷಿಸಲೆಂದು ಅದೊಂದೇ ಪುಟವನ್ನು ಚಿಕ್ಕದು ಮಾಡಿ ಜೆಪೆಗ್‌ನಲ್ಲಿ ಉಳಿಸಿದೆ. ಅಕ್ಷರದ ಅಂಚಿನಲ್ಲೆಲ್ಲ ಬೂದಿ ಬಣ್ಣದ ಮಸುಕು ಹರಡಿ, ಹೊಟ್ಟೆ ಸೀಳಿದ ಧ ಯಾವುದು, ಸೀಳದ ದ ಯಾವುದು ಎಂದು ಬಿಡಿಸಿ ಹೇಳಲಾಗಲಿಲ್ಲ. ಮೂಲ ಟಿಫ್‌ನಲ್ಲಿ ಆ ಸೀಳು ಸ್ಪಷ್ಟವಾಗಿದೆ.